ಎಂಬತ್ತೆಂಟನೆಯ ಜಾಗ

ನಮ್ಮ ಊರಿನಲ್ಲಿ ಬಾಗಿಲುಗಳು ಮುಚ್ಚಿ ನಿಲ್ಲುವುದಿಲ್ಲ. ಎಳೆದು ಹಾಕಿ ಕೈ ಬಿಟ್ಟರೆ ನಾಲ್ಕು ಎಣಿಸುವಷ್ಟರಲ್ಲಿ ಮತ್ತೆ ತೆರೆದುಕೊಳ್ಳುತ್ತವೆ. ಚಿಲಕ ಹಾಕಿದರೆ ಚಿಲಕ ಜಾರುತ್ತದೆ, ಬೀಗ ಹಾಕಿದರೆ ಬೀಗ ಬಾಯಿ ಬಿಡುತ್ತದೆ. ಟ್ರಂಕು, ಬೀರು, ಮೇಜಿನ ಡ್ರಾಯರು, ಅಂಚೆಯ ಲಕೋಟೆ ಎಲ್ಲದರದೂ ಇದೇ ಕಥೆ. ನನ್ನ ತವರು ಬೇರೆ ಊರು. ಮದುವೆಯಾಗಿ ಬಂದ ಹೊಸದರಲ್ಲಿ ಬಚ್ಚಲಿನ ಬಾಗಿಲನ್ನು ಒಂದು ಕಾಲಿನಿಂದ ಒತ್ತಿಹಿಡಿದು, ಇನ್ನೊಂದು ಕಾಲಿನ ಮೇಲೆ ನಿಂತು ಸ್ನಾನ ಮಾಡುತ್ತಿದ್ದೆ. ಹೊರಗಿನಿಂದ ನಮ್ಮತ್ತೆ, “ಬಿದ್ದು ಕಾಲು ಮುರ್ಕೊಂಡೀ. ಹಾಡು ಹೇಳವಾ, ಹಾಡು. ದನಿ ಕೇಳಿದ್ರ ಯಾರೂ ಈ ಕಡೆ ಹಾಯೂದಿಲ್ಲ” ಎಂದರು. ನನಗೆ ಹಾಡು ಬರುತ್ತಿರಲಿಲ್ಲ. ಹದಿಮೂರರ ಮಗ್ಗಿ ಹೇಳುತ್ತ ಸ್ನಾನ ಮುಗಿಸಿದೆ. ವಯಸ್ಸಾದವರು ಇವತ್ತಿಗೂ ನನ್ನನ್ನು ಮಗ್ಗಿ ನೀಲವ್ವ ಎಂದೇ ಕರೆಯುವುದು.

ಎಲ್ಲದಕ್ಕೂ ಮನುಷ್ಯ ಒಗ್ಗಿಕೊಳ್ಳುತ್ತಾನೆ. ಯಾರ ಮನೆಗೆ ಹೋದರೂ ನಾವು ಹೊಸ್ತಿಲ ಹೊರಗೆ ನಿಂತು ಮೊದಲು ನಮ್ಮ ಹೆಸರು ಹೇಳುತ್ತೇವೆ. ಒಳಗಿನವರು ‘ಬಾ’ ಎಂದರೆ ಹೋಗಬೇಕು, ಸುಮ್ಮನಿದ್ದರೆ ಹಿಂದಿರುಗಬೇಕು. ಯಾಕೆ ಸುಮ್ಮನಿದ್ದೆ ಎಂದು ಮರುದಿನ ಕೇಳುವ ಪದ್ಧತಿಯಿಲ್ಲ. ಜಗಳ ಬಂದ ಗಂಡಹೆಂಡತಿ ಊರ ಹೊರಗಿನ ಕಲ್ಲುಕ್ವಾರಿಯವರೆಗೆ ನಡೆದುಹೋಗಿ, ಅಲ್ಲಿ ಜಗಳವಾಡಿ ಮುಗಿಸಿ, ಬರುವಾಗ ತರಕಾರಿ ಕೊಂಡು ಬರುತ್ತಾರೆ. ಅಳಬೇಕೆನ್ನಿಸಿದ ಹೆಂಗಸರು ಈರುಳ್ಳಿ ಹೆಚ್ಚುತ್ತಾರೆ. ನಮ್ಮಲ್ಲಿ ಈರುಳ್ಳಿಯ ಖರ್ಚು ಸ್ವಲ್ಪ ಜಾಸ್ತಿಯೇ.

ಇಪ್ಪತ್ತೆರಡು ವರ್ಷದ ಹಿಂದೆ ಪಂಚಾಯಿತಿಗೆ ಒಂದು ದೊಡ್ಡ ಕಂಪ್ಯೂಟರು ಬಂತು. ಜೋಡಿಸಲು ಬಂದವನು ಮಾದರಿಗೆಂದು ಒಂದು ಫೋಲ್ಡರ್ ಮಾಡಿ, ಅದಕ್ಕೊಂದು ಪಾಸ್‌ವರ್ಡ್ ಕೊಟ್ಟು ಮುಚ್ಚಿದ. ಕಿಟಕಿಯ ಹೊರಗೆ ನಿಂತಿದ್ದ ಜನ ಅಭ್ಯಾಸಬಲದಿಂದ ನಾಲ್ಕು ಎಣಿಸಿದರು. ಅದು ತೆರೆದುಕೊಳ್ಳಲಿಲ್ಲ. ಹತ್ತು ಎಣಿಸಿದರು, ನೂರು ಎಣಿಸಿದರು. ಮುಚ್ಚಿದ್ದು ಮುಚ್ಚಿಯೇ ಇತ್ತು. ಹುಟ್ಟಿದಾಗಿನಿಂದ ಮುಚ್ಚಿದ ವಸ್ತುವನ್ನೇ ಕಾಣದ ಊರು ಆ ಮಧ್ಯಾಹ್ನವೆಲ್ಲ ಅದನ್ನು ನೋಡುತ್ತ ನಿಂತಿತ್ತು. ಮಾರನೆಯ ಬೆಳಿಗ್ಗೆ ನನಗೊಂದು, ನನಗೊಂದು ಎಂದು ಸಾಲು ಹತ್ತಿತು. ಟೈಪಿಂಗ್ ಪರೀಕ್ಷೆ ಪಾಸಾದ ಸೊಸೆ ಊರಿಗೆಲ್ಲ ನಾನೊಬ್ಬಳೇ ಆದ್ದರಿಂದ ಫೋಲ್ಡರುಗಳನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲನೆಯ ಫೋಲ್ಡರ್ ನನ್ನದೇ. ನನ್ನ ಹಿಂದೆ ನಿಂತವಳು ಗುರವ್ವಜ್ಜಿ.

ಹಿರಿಯರು ಅಂದೇ ಎರಡು ಕಟ್ಟಳೆ ಮಾಡಿದರು. ಫೋಲ್ಡರಿನ ಮೇಲೆ ಯಾರ ಹೆಸರನ್ನೂ ಬರೆಯಬಾರದು. ಯಾವ ಫೋಲ್ಡರ್ ಯಾರದ್ದೆಂದು ಕಾಗದದಲ್ಲಿಯೂ ಬರೆದಿಡಬಾರದು. ಕಾಗದವನ್ನು ಬಚ್ಚಿಡಲು ನಮ್ಮೂರಿನಲ್ಲಿ ಜಾಗವೆಲ್ಲಿದೆ? ಜೋಡಿಸಿದವನು ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದ್ದ. ಮೂರು ಸಲ ತಪ್ಪು ಪಾಸ್‌ವರ್ಡ್ ಹೊಡೆದರೆ ಫೋಲ್ಡರ್ ತನ್ನೊಳಗಿನದನ್ನೆಲ್ಲ ತಾನೇ ಅಳಿಸಿಹಾಕುತ್ತದೆ. ಅದೇ ಸರಿ ಎಂದರು ಎಲ್ಲರೂ.

ಒಳಗೆ ಯಾರು ಏನು ಬರೆಯುತ್ತಾರೋ ನನಗೆ ಗೊತ್ತಿಲ್ಲ. ಬರೆದು ಏಳುವಾಗ ಅವರ ಮುಖ ಮಾತ್ರ ನನಗೆ ಕಾಣುತ್ತದೆ. ವಾರಕ್ಕೊಮ್ಮೆ ಬಂದು ಅರ್ಧ ಗಂಟೆ ಕುಳಿತು, ಬಿಗಿಯಾದ ರವಿಕೆಯ ಹುಕ್ಕು ಬಿಚ್ಚಿದವರ ಹಾಗೆ ಉಸಿರು ಬಿಟ್ಟು ಹೋಗುವವರನ್ನು ನೋಡಿದ್ದೇನೆ. ಮುಚ್ಚಿಡಲು ಹೆಣ್ಣಿಗೆ ದೊಡ್ಡ ಗುಟ್ಟೇ ಇರಬೇಕೆಂದಿಲ್ಲ. ಗಂಡನ ತಂಗಿಗೆ ಕೊಟ್ಟ ಸೀರೆ ತನಗೂ ಇಷ್ಟವಿತ್ತು ಎಂಬಷ್ಟು ಸಣ್ಣ ಸಂಗತಿಗೂ ಒಂದು ಮುಚ್ಚಿದ ಜಾಗ ಬೇಕಾಗುತ್ತದೆ. ಹೂ ಮಾರುವ ಸಿದ್ದವ್ವ ಮೊದಲ ದಿನ ಫೋಲ್ಡರ್ ತೆಗೆದುಕೊಂಡಾಗ ಅವಳಿಗೆ ಅಕ್ಷರವೇ ಬರುತ್ತಿರಲಿಲ್ಲ. “ಖಾಲೀನ ಇರ್ಲಿ ಬಿಡಕ್ಕಾ, ಮುಚ್ಚಿದ್ದು ನಂದೊಂದು ಇರ್ಲಿ” ಎಂದಳು. ಆಮೇಲೆ ಅದರಲ್ಲಿ ಬರೆಯಬೇಕೆಂದೇ ನನ್ನ ಹತ್ತಿರ ಅಆಇಈ ಕಲಿತಳು. ಅವಳು ಮೊದಲು ಒತ್ತಿದ ‘ಅ’ ಅಕ್ಷರದಿಂದ ಹಿಡಿದು ಇಪ್ಪತ್ತೆರಡು ವರ್ಷ ಅದರಲ್ಲಿದೆ.

ಈ ವರ್ಷ ಹಳೆಯ ಯಂತ್ರ ಕೆಮ್ಮಲು ಶುರುಮಾಡಿತು. ಪಂಚಾಯಿತಿ ಹೊಸ ಸರ್ವರ್ ತರಿಸಿತು. ಶನಿವಾರ ಕಂಪನಿಯವರು ಬಂದು ಎರಡಕ್ಕೂ ತಂತಿ ಜೋಡಿಸಿ ಫೋಲ್ಡರುಗಳನ್ನೆಲ್ಲ ಹೊಸದಕ್ಕೆ ಸಾಗಿಸಿ, ನನಗೆ ನಾಲ್ಕು ಮಾತು ಹೇಳಿಕೊಟ್ಟು ಹೋದರು. ಹೊಸ ಯಂತ್ರಕ್ಕೆ ಜನರ ಹೆಸರು ತುಂಬುವ ಕೆಲಸ ನನ್ನದಾಗಿತ್ತು. ನನ್ನ ತಲೆಯಲ್ಲಿದ್ದ ಇನ್ನೂರ ಹನ್ನೆರಡು ಹೆಸರುಗಳನ್ನೂ ಅಂಬವ್ವನಿಂದ ಹೊನ್ನಪ್ಪನವರೆಗೆ ಅಕ್ಷರಮಾಲೆಯ ಕ್ರಮದಲ್ಲಿ, ಮುತ್ತು ಪೋಣಿಸಿದ ಹಾಗೆ ತುಂಬಿದೆ. ಹೊಸ ಯಂತ್ರದಲ್ಲಿ ಫೋಲ್ಡರುಗಳು ಮಾತ್ರ ಇನ್ನೂರ ಹದಿಮೂರು ಇದ್ದವು. ಒಂದು ಹೆಚ್ಚು. ತೀರಿಹೋದವರು ಯಾರನ್ನೋ ಮರೆತಿರಬೇಕು, ನಿಧಾನವಾಗಿ ನೆನಪಾಗುತ್ತದೆ ಎಂದುಕೊಂಡೆ. ಅಂದು ಸಂಜೆಯೇ ಹಳೆಯ ಯಂತ್ರವನ್ನು ಮೂರು ಮೂರು ಸಲ ಅಳಿಸಿದೆ. ಊರಿನ ಗುಟ್ಟು ಗುಜರಿಗೆ ಹೋಗಬಾರದಲ್ಲ. ನನ್ನ ಅಚ್ಚುಕಟ್ಟುತನದ ಬಗ್ಗೆ ನನಗೇ ಹೆಮ್ಮೆಯಾಯಿತು.

ಸೋಮವಾರ ಬೆಳಿಗ್ಗೆ ಮೊದಲು ಬಂದವರು ಪಾರ್ವತಿಯರು. ನಮ್ಮೂರಿನಲ್ಲಿ ಹನ್ನೆರಡು ಮಂದಿ ಪಾರ್ವತಿಯರಿದ್ದಾರೆ. ಸಂಘ ಕಟ್ಟಿಕೊಂಡಿದ್ದಾರೆ, ಹಪ್ಪಳ ಮಾಡುತ್ತಾರೆ, ಎಲ್ಲಿಗೆ ಹೋದರೂ ಒಟ್ಟಿಗೇ ಹೋಗುತ್ತಾರೆ. ಮೊದಲನೆಯ ಪಾರ್ವತಿ ಕುಳಿತು ಹೆಸರು, ಪಾಸ್‌ವರ್ಡ್ ಹೊಡೆದಳು. ‘ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ’ ಎಂದು ಬಂತು. “ನಂದs ನನಗ ಅನುಮತಿ ಇಲ್ಲಂತ! ಕೇಳ್ದ್ರೇನ್ರೇ?” ಎಂದು ಅವಳು ಮತ್ತೆ ಹೊಡೆದಳು. ಮತ್ತೆ ಅದೇ. “ಸರಿ ನೀ, ನಿನ್ನ ಬೆರಳು ದಪ್ಪ ಅದಾವ” ಎಂದು ಎರಡನೆಯವಳು ಕುಳಿತಳು. ನಾನು ಹಿತ್ತಲಿನಲ್ಲಿ ಕೊಡ ತುಂಬಿಸಿಕೊಂಡು ಒಳಗೆ ಬರುವಷ್ಟರಲ್ಲಿ ಹನ್ನೆರಡು ಮಂದಿಯೂ ಎರಡೆರಡು ಸಲ ಹೊಡೆದಾಗಿತ್ತು. ಮೊದಲನೆಯವಳು ಮೂರನೆಯ ಸಲಕ್ಕೆಂದು ಸೆರಗು ಸಿಕ್ಕಿಸಿ ಕುಳಿತಿದ್ದಳು. ಕೊಡ ಅಲ್ಲಿಯೇ ಬಿಟ್ಟು ಓಡಿ ಕೀಲಿಮಣೆ ಕಿತ್ತುಕೊಂಡೆ.

ಕಂಪನಿಗೆ ಫೋನು ಮಾಡಿದೆ. ಅಲ್ಲಿದ್ದ ಹೆಣ್ಣುಮಗಳು ನಗುತ್ತ, “ಅಯ್ಯೋ ಮೇಡಂ, ಅಷ್ಟೇನಾ? ಫೋಲ್ಡರ್ ಎಲ್ಲಾ ಸೆಲೆಕ್ಟ್ ಮಾಡಿ, ಎಲ್ರಿಗೂ ಫುಲ್ ಪರ್ಮಿಷನ್ ಕೊಟ್ಬಿಡಿ. ಪಾಸ್‌ವರ್ಡ್ ಕೂಡ ಕೇಳಲ್ಲ. ಎರಡು ನಿಮಿಷದ ಕೆಲಸ” ಎಂದಳು. “ಎಲ್ಲಾರಿಗೂ ಅಂದ್ರ?” ಎಂದೆ. “ಎಲ್ರಿಗೂ ಅಂದ್ರೆ ಎಲ್ರಿಗೂ ಮೇಡಂ. ಯಾರು ಬೇಕಾದ್ರೂ ಯಾವ್ದು ಬೇಕಾದ್ರೂ ತೆಗೀಬಹುದು.” “ಒಬ್ಬರದನ್ನ ಒಬ್ಬರಿಗೇ ತೆಗೀಬೇಕಂದ್ರ?” ಎಂದು ಕೇಳಿದೆ. “ಅದು ಯಾರ್ದು ಅಂತ ನಿಮ್ಗೆ ಗೊತ್ತಿರ್ಬೇಕಲ್ಲ ಮೇಡಂ.”

ಈ ಮಾತು ನನಗಿಂತ ಮೊದಲು ಅಧ್ಯಕ್ಷ ಶಿವಪುತ್ರಪ್ಪನವರಿಗೆ ತಲುಪಿತು. ನಮ್ಮಲ್ಲಿ ಫೋನಿನ ಮಾತಿಗೂ ಬಾಗಿಲಿಲ್ಲ. ಅವರು ಕೆಟ್ಟವರಲ್ಲ. ಊರಿಗೆ ನೀರು ತಂದವರು, ಜನರ ಕಷ್ಟ ಕೇಳುವವರು. ಆದರೆ ತಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂಬುದು ಅವರ ದೊಡ್ಡ ಹೆಮ್ಮೆ. ನನಗೆ ತಿಳಿದಂತೆ ಆ ಮನೆಯ ಯಾರ ಹೆಸರಿನಲ್ಲಿಯೂ ಫೋಲ್ಡರ್ ಇರಲಿಲ್ಲ. “ಎರಡು ನಿಮಿಷದ ಕೆಲಸಕ್ಕ ಊರು ಯಾಕ ಒದ್ದಾಡಬೇಕ್ರಿ ನೀಲಕ್ಕಾರ? ಎಲ್ಲಾ ತೆಗೀರಿ. ಮದುವಿ ಮನಿ ಮುಂದ ಚಪ್ಪಲಿ ಹುಡುಕ್ಕೊಂಡಂಗ ಅವರವರದು ಅವರವರು ಹುಡುಕ್ಕೊಳ್ಳಲಿ” ಎಂದರು. “ಚಪ್ಪಲಿ ಹುಡುಕೂವಾಗ ಬ್ಯಾರೇದವರ ಚಪ್ಪಲಿನೂ ನೋಡ್ತೀವ್ರಿ, ಅಧ್ಯಕ್ಷರs” ಎಂದೆ. “ನೋಡಿದ್ರ ಏನಾತು? ನಮ್ಮ ನಮ್ಮವರs.” ಕೊನೆಗೆ ಬುಧವಾರ ಸಂಜೆ ಐದರ ತನಕ ಗಡುವು ಕೊಟ್ಟರು. ಅಷ್ಟರಲ್ಲಿ ಸರಿಯಾಗದಿದ್ದರೆ ಎಲ್ಲವನ್ನೂ ಎಲ್ಲರಿಗೂ ತೆರೆಯುವುದೆಂದು ಸಭೆಯಲ್ಲಿ ತೀರ್ಮಾನವಾಯಿತು.

ಮಂಗಳವಾರವಿಡೀ ಆ ಯಂತ್ರದ ಮುಂದೆ ಕುಳಿತೆ. ಹೆಸರು ಸರಿ, ಪಾಸ್‌ವರ್ಡ್ ಸರಿ. ಮತ್ತೆ ಯಾಕೆ ಅನುಮತಿ ಇಲ್ಲ? ಹೆಸರು ಹೇಳಿದ ಮೇಲೂ ಮನೆಯವರನ್ನೇ ಒಳಗೆ ಬಿಡದ ಹೊಸ್ತಿಲನ್ನು ನಾನು ಕಂಡಿರಲಿಲ್ಲ. ಹುಡುಕುತ್ತ ಹುಡುಕುತ್ತ ನನ್ನ ಹೆಸರಿನ ಮುಂದೆ ಸಣ್ಣಗೆ ಒಂದು ಅಂಕಿ ಕಂಡಿತು. ಎಪ್ಪತ್ತೊಂಬತ್ತು. ಅಂಬವ್ವನ ಮುಂದೆ ಒಂದು. ಪಾರ್ವತಿಯರ ಮುಂದೆ ಎಂಬತ್ತೆಂಟರಿಂದ ತೊಂಬತ್ತೊಂಬತ್ತು. ನಾನು ಅಕ್ಷರಮಾಲೆಯಲ್ಲಿ ಹೆಸರು ತುಂಬಿದ ಹಾಗೆಯೇ ಯಂತ್ರ ಒಂದೊಂದಕ್ಕೂ ಒಂದೊಂದು ಅಂಕಿ ಕೊಡುತ್ತ ಹೋಗಿತ್ತು. ಫೋಲ್ಡರಿಗೆ ಹೆಸರು ಗೊತ್ತೇ ಇಲ್ಲ, ಅದಕ್ಕೆ ಗೊತ್ತಿರುವುದು ಅಂಕಿ ಮಾತ್ರ ಎಂದು ನನಗೆ ಆಗ ಹೊಳೆಯಿತು. ಪಾಸ್‌ವರ್ಡ್ ಫೋಲ್ಡರಿನ ಒಳಗೆ ಭದ್ರವಾಗಿತ್ತು. ಆದರೆ ಯಾರನ್ನು ಯಾವ ಫೋಲ್ಡರಿನ ಮುಂದೆ ನಿಲ್ಲಿಸಬೇಕೆಂಬ ಲೆಕ್ಕ ಹಳೆಯ ಯಂತ್ರದ್ದಾಗಿತ್ತು, ಅದನ್ನು ನಾನೇ ನನ್ನ ಕೈಯಾರೆ ಮೂರು ಸಲ ಅಳಿಸಿದ್ದೆ. ಅಲ್ಲಿ ಮೊದಲು ಬಂದವಳು ನಾನು. ನನ್ನ ಹೆಸರಿನ ಮುಂದಿನ ಎಪ್ಪತ್ತೊಂಬತ್ತನ್ನು ಒಂದು ಮಾಡಿ ಪಾಸ್‌ವರ್ಡ್ ಹೊಡೆದೆ. ತೆರೆಯಿತು. ಕುರ್ಚಿಯಿಂದ ಎದ್ದು, ಯಾರೂ ಇಲ್ಲದ ಕೋಣೆಯಲ್ಲಿ ಒಂದು ಸುತ್ತು ತಿರುಗಿ ಮತ್ತೆ ಕುಳಿತೆ.

ಹಾಗಾದರೆ ಉಳಿದವರ ಅಂಕಿ? ಬಂದ ಕ್ರಮವೇ ಅಂಕಿ. ಇಪ್ಪತ್ತೆರಡು ವರ್ಷದ ಹಿಂದೆ ಯಾರ ಹಿಂದೆ ಯಾರು ನಿಂತಿದ್ದರು ಎಂಬುದು ಯಾವ ಯಂತ್ರದಲ್ಲಿಯೂ ಉಳಿದಿಲ್ಲ. ಅಕ್ಕಿ ಆರಿಸುತ್ತಿದ್ದ ನಮ್ಮತ್ತೆಗೆ ಹೇಳಿದೆ. ಅವರು ತಲೆ ಎತ್ತದೆ, “ನನ್ನ ಮುಂದ ಬಡಗ್ಯಾರ ನಾಗವ್ವ ನಿಂತಿದ್ಲು. ಆಕೀ ಬೆನ್ನಾಗ ರವಿಕಿ ಹೊಲಿಗಿ ಬಿಚ್ಚಿತ್ತು. ಹೇಳಬೇಕೋ ಬ್ಯಾಡೋ ಅಂತ ಮೂರು ತಾಸು ಚಿಂತಿ ಮಾಡೀನಿ, ಮರೀತೀನೇನು?” ಎಂದರು. ಅತ್ತೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. “ಏನಾತ ಇದಕ್ಕ?” ಎಂದು ಅವರು ಅಕ್ಕಿಯ ಮೊರ ಈಚೆಗೆ ಎಳೆದುಕೊಂಡರು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಊರೆಲ್ಲ ಶಾಲೆಯ ಬಯಲಿನಲ್ಲಿ ಸೇರಿತು. ಯಂತ್ರವನ್ನು ಶಾಲೆಯ ಜಗುಲಿಗೆ ತಂದಿಟ್ಟು ಮೂರು ಕಡೆ ಸೀರೆ ಕಟ್ಟಿದೆವು. “ನಿಮ್ಮ ಮುಂದ ಯಾರಿದ್ರು ನೆನಸ್ಕೊಳ್ರಿ. ಅವರ ಹಿಂದ ಹೋಗಿ ನಿಂದರ್ರಿ, ಅಷ್ಟs” ಎಂದೆ. ಮೊದಲು ಬರೀ ಗದ್ದಲ. ಆಮೇಲೆ ಒಂದೊಂದೇ ಕೊಂಡಿ ಕೂಡತೊಡಗಿತು. “ನಿನ್ನ ಮಗಾ ನನ್ನ ಸೆರಗಿನ ಮ್ಯಾಲ ವಾಂತಿ ಮಾಡಿದ್ದಲ್ಲೇನ, ನಾ ನಿನ್ನ ಹಿಂದs.” “ಇವರು ನನ್ನ ಮುಂದ ಹೊಕ್ಕಿದ್ರು, ಇವತ್ತರೆ ಬಿಡ್ರಿ, ನಾ ಮುಂದ ನಿಂದರ್ತೀನಿ.” “ಹೊಕ್ಕಿದ್ದು ಹೊಕ್ಕಿದ್ದs, ಅಂಕಿ ಬಿದ್ದಾವು, ಹಿಂದ ಸರಿ.” ಸಾಲಿನಲ್ಲಿದ್ದ ಮೂವತ್ತು ಗಂಡಸರು ಮಾತ್ರ ಯಾರ ಹಿಂದೆ ನಿಂತಿದ್ದೆವೆಂದು ತಿಳಿಯದೆ ತಲೆ ಕೆರೆದುಕೊಳ್ಳುತ್ತಿದ್ದರು. ಹೆಂಗಸರೇ ಅವರನ್ನು ತೋಳು ಹಿಡಿದು ಜಾಗಕ್ಕೆ ನಿಲ್ಲಿಸಿದರು. ತೀರಿಹೋದವರ ಜಾಗದಲ್ಲಿ ಮನೆಯವರು ಅವರ ಊರುಗೋಲು, ಎಲೆಅಡಿಕೆಯ ಚೀಲ, ಕನ್ನಡಕ ತಂದಿಟ್ಟರು. ಹಿಂದೆ ನಿಂತವರು ಅದನ್ನು ತುಳಿಯದಂತೆ ಸೀರೆ ಎತ್ತಿ ಹಿಡಿದುಕೊಂಡರು. ಇಪ್ಪತ್ತೆರಡು ವರ್ಷದ ಸಾಲು ಬಯಲಿನಲ್ಲಿ ಮೂರು ಸುತ್ತು ಸುತ್ತಿ ನಿಂತಿತು.

ಎರಡನೆಯವಳು ಗುರವ್ವಜ್ಜಿ. ತೊಂಬತ್ತರ ಹತ್ತಿರದ ಮುದುಕಿ, ಸೀರೆಯ ಮರೆಗೆ ಹೋಗಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಆಮೇಲೆ ಒಳಗಿನಿಂದ ಕಿಲಕಿಲ ನಗು ಕೇಳಿಸಿತು. “ತೆರೀತs, ನೀಲವ್ವಾ! ನಮ್ಮತ್ತಿಗೆ ಬೈದದ್ದೆಲ್ಲಾ ಹಂಗs ಐತಿ, ಒಂದೂ ಹೋಗಿಲ್ಲ!” ಬಯಲೆಲ್ಲ ನಕ್ಕಿತು. ಮೂರು ತೆರೆಯಿತು, ನಾಲ್ಕು ತೆರೆಯಿತು. ಹೊರಗೆ ಬಂದವರು ಮನೆಗೆ ಹೋಗದೆ ತಮ್ಮ ತಮ್ಮ ಜಾಗಕ್ಕೆ ಮರಳಿ ನಿಂತರು. ಮಧ್ಯಾಹ್ನದ ಹೊತ್ತಿಗೆ ಎಂಬತ್ತೇಳನೆಯವರಾದ ರತ್ನಾಬಾಯಿ ಟೀಚರದೂ ತೆರೆಯಿತು. ಅಲ್ಲಿಗೆ ನಾನು ನಿಲ್ಲಿಸಿದೆ. ಎಂಬತ್ತೆಂಟರಿಂದ ಮುಂದಿನ ಹನ್ನೆರಡು ಫೋಲ್ಡರುಗಳ ಮೇಲೆ ಪಾರ್ವತಿಯರು ಸೋಮವಾರವೇ ಎರಡೆರಡು ತಪ್ಪು ಹೊಡೆದಿದ್ದರು. ಇನ್ನೊಂದು ತಪ್ಪು ಬಿದ್ದರೆ ಒಳಗಿನದು ಬೂದಿ. ಮತ್ತೆ, ಎಲ್ಲೋ ಒಂದು ಫೋಲ್ಡರ್ ಹೆಚ್ಚಿಗೆ ಇತ್ತಲ್ಲ, ಅದು ಇನ್ನೂ ಸಿಕ್ಕಿರಲಿಲ್ಲ.

ಹಿಂದಿನ ತುದಿಯಿಂದ ಬಂದು ನೋಡೋಣ ಎನ್ನಿಸಿತು. ಸಾಲಿನ ಕಟ್ಟಕಡೆಯವಳಿಗೆ ಕಟ್ಟಕಡೆಯ ಇನ್ನೂರ ಹದಿಮೂರನ್ನು ಕೊಟ್ಟೆ. ತೆರೆಯಿತು. ಅವಳ ಮುಂದಿನವಳಿಗೆ ಇನ್ನೂರ ಹನ್ನೆರಡು. ಅದೂ ತೆರೆಯಿತು. ಹಾಗೆ ಹಿಂದೆ ಹಿಂದೆ ಬಂದು, ತೀರಿಹೋದವರವನ್ನು ಮುಟ್ಟದೆ ದಾಟಿ, ನೂರನೆಯ ಫೋಲ್ಡರಿನವರೆಗೆ ಉಳಿದವೆಲ್ಲವೂ ತೆರೆದವು. ಈಗ ನಡುವೆ ಉಳಿದವರು ಹನ್ನೊಂದು ಹೆಂಗಸರು, ಉಳಿದದ್ದು ಹನ್ನೆರಡು ಫೋಲ್ಡರು. ಆ ಹನ್ನೊಂದು ಮಂದಿಯ ನಡುವೆ ಎಲ್ಲಿಯೋ ಒಬ್ಬರ ಜಾಗ ಖಾಲಿ ಇತ್ತು. ಎಲ್ಲಿ ಎಂದು ತಿಳಿಯದೆ ಒಬ್ಬರನ್ನೂ ಮುಟ್ಟುವಂತಿರಲಿಲ್ಲ. ಆಗ ಮೂರೂವರೆ ಗಂಟೆ.

ಹನ್ನೊಂದು ಮಂದಿಯಲ್ಲಿ ಮೊದಲು ನಿಂತವಳು ಹೂವಿನ ಸಿದ್ದವ್ವ. “ಅಕ್ಕಾ, ನಾ ಅವಾಗಿಂದ ಹೇಳಬೇಕಂತೀನಿ, ನನ್ನ ಮುಂದ ಈ ಬೆನ್ನ ಇರಲಿಲ್ಲ” ಎಂದಳು. ರತ್ನಾಬಾಯಿ ತಿರುಗಿದರು. “ನನ್ನ ಬೆನ್ನಿಗೇನಾಗೇತಿ?” “ಏನೂ ಆಗಿಲ್ರಿ ಬಾಯಾರ. ಅವತ್ತ ನನ್ನ ಮುಂದ ನಿಂತಾಕಿ ಹಸರ ಇಳಕಲ್ ಸೀರಿ ಉಟ್ಟು ತಲಿತುಂಬ ಸೆರಗ ಹೊದ್ದಿದ್ಲು. ಮಾರಿ ತೋರಿಸಲಿಲ್ಲ.” “ಸುಳ್ಳ. ನನ್ನ ಹಿಂದ ನೀನs ಇದ್ದಿ. ನಾ ತಿರುಗಿ ನೋಡಿಲ್ಲ ಖರೆ, ಆದ್ರ ದಿನಾ ಪೂರ್ತಿ ಹಿಂದಿನಿಂದ ಮಲ್ಲಿಗಿ ವಾಸನಿ ಬರ್ತಿತ್ತು. ಊರಾಗ ಹೂವು ಮಾರಾಕಿ ನೀ ಬಿಟ್ರ ಯಾರದಾರ?” “ನಾ ಅವತ್ತ ಬುಟ್ಟಿ ಮನ್ಯಾಗಿಟ್ಟು ಬಂದಿದ್ದೆ!” ಇಬ್ಬರಿಗೂ ದನಿ ಏರಿತು. ಹಿಂದಿನ ಹತ್ತು ಮಂದಿಯಲ್ಲಿಯೂ ಇಬ್ಬರು ಮೂವರಿಗೆ ತಮ್ಮ ಮುಂದಿನ ಬೆನ್ನಿನ ಮೇಲೆ ಅನುಮಾನ ಶುರುವಾಯಿತು. ನೋಡುನೋಡುತ್ತಿದ್ದಂತೆ ಯಾರ ನೆನಪೂ ಗಟ್ಟಿ ಉಳಿಯಲಿಲ್ಲ.

ಚಪ್ಪರದ ನೆರಳಿನಿಂದ ಅಧ್ಯಕ್ಷರು ಎದ್ದು ಬಂದರು. “ನೀಲಕ್ಕಾರ, ನೀವು ಮಾಡಿದ್ದು ದೊಡ್ಡ ಕೆಲಸ, ನಾ ಒಪ್ಪಿದೆ. ಇನ್ನೂರು ಮಂದೀದು ಆತು. ಇನ್ನ ಈ ಹನ್ನೊಂದು ಮಂದಿ ಸಲುವಾಗಿ ಊರೆಲ್ಲಾ ಬಿಸಿಲಾಗ ಒಣಗೂದು ಬ್ಯಾಡ. ಈ ಹನ್ನೆರಡಷ್ಟs ತೆರದು ಅವರವರ ನಡುವ ಕೊಡ್ರಿ. ಹನ್ನೊಂದು ಮಂದಿ ಕುಂತು ಆರಿಸ್ಕೊಳ್ಳಲಿ. ಹೊರಗಿನವರ್ಯಾರೂ ನೋಡೂದಿಲ್ಲ.” ಮಾತಿನಲ್ಲಿ ನ್ಯಾಯವಿಲ್ಲವೆನ್ನುವಂತಿರಲಿಲ್ಲ. ಹನ್ನೊಂದು ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಅತ್ತೆಸೊಸೆ ಇದ್ದರು. ಓರಗಿತ್ತಿಯರಿದ್ದರು. ಹದಿನೈದು ವರ್ಷದಿಂದ ಮಾತು ಬಿಟ್ಟ ಅಕ್ಕತಂಗಿಯರಿದ್ದರು. ಸಿದ್ದವ್ವ ಸಾಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. “ನನಗ ಎಂಬತ್ತೊಂಬತ್ತು ಕೊಡಕ್ಕಾ. ಹೊಡೀತೀನಿ. ಹೋದ್ರ ಹೋಗ್ಲಿ. ಮಂದಿ ಓದಿದ ಮ್ಯಾಲ ಅದು ಇದ್ರ ಎಷ್ಟು, ಬಿಟ್ರ ಎಷ್ಟು?”

ನನಗೆ ಕೈ ಬರಲಿಲ್ಲ. ಅವಳ ಮೊದಲ ‘ಅ’ದ ಮೇಲೆ ಅವಳ ಬೆರಳು ಹಿಡಿದು ಒತ್ತಿಸಿದವಳು ನಾನು. ತಪ್ಪು ನನ್ನದು, ಸುಡುವುದು ಅವಳದು. “ಇನ್ನೂ ವ್ಯಾಳ್ಯಾ ಐತಿ, ತಡಿ ಸಿದ್ದವ್ವ” ಎಂದೆ. “ವ್ಯಾಳ್ಯಾ ಎಲ್ಲೈತಿ? ನಾಕ ಹೊಡೀತು” ಎಂದಳು ಅವಳು.

ಅಧ್ಯಕ್ಷರ ಮನೆಯಿಂದ ಸಾಲಿನವರಿಗೆ ಮಜ್ಜಿಗೆ ಬಂದಿತ್ತು. ಅವರ ಹೆಂಡತಿ ಕಸ್ತೂರವ್ವ ಬೆಳಿಗ್ಗೆಯಿಂದ ಕೊಡ ಸೊಂಟಕ್ಕಿಟ್ಟುಕೊಂಡು ಒಬ್ಬೊಬ್ಬರಿಗೂ ಲೋಟ ತುಂಬಿಕೊಡುತ್ತಿದ್ದಳು. ಮೆಲ್ಲಗಿನ ಹೆಂಗಸು. ಗಂಡ ನಾಲ್ಕು ಮಾತಾಡಿದರೆ ಅರ್ಧ ಮಾತಾಡುವವಳು. ಈಗ ಬಂದು ರತ್ನಾಬಾಯಿ ಮತ್ತು ಸಿದ್ದವ್ವನ ನಡುವೆ ನಿಂತಳು. “ನನಗ ಆತ್ರೀ ಯಕ್ಕಾ, ಎರಡು ಲೋಟ ಕುಡದೀನಿ” ಎಂದಳು ಸಿದ್ದವ್ವ. ಕಸ್ತೂರವ್ವ ಕೊಡವನ್ನು ನೆಲಕ್ಕಿಟ್ಟಳು. ಅದರ ಮೇಲೆ ಲೋಟ ಕವುಚಿದಳು. ನೆಟ್ಟಗೆ ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಲ್ಲಿಂದ ಸರಿಯಲಿಲ್ಲ.

ಸಿದ್ದವ್ವ ಆ ಬೆನ್ನನ್ನು ನೋಡಿದಳು. ತಲೆ ಓರೆ ಮಾಡಿ ಇನ್ನೊಮ್ಮೆ ನೋಡಿದಳು. “ಅಯ್ಯ ಶಿವನ! ಇದs ಬೆನ್ನ, ಅಕ್ಕಾ, ಇದs!” ರತ್ನಾಬಾಯಿ ಬಾಯಿ ಮೇಲೆ ಕೈಯಿಟ್ಟುಕೊಂಡರು. “ಮದುವ್ಯಾಗಿ ಎಂಟು ದಿನದ ಮದುಮಗಳು... ತಲಿತುಂಬ ಮಲ್ಲಿಗಿ... ನಾ ಎಂಥಾ ಹುಚ್ಚಿ!”

ಶಿವಪುತ್ರಪ್ಪನವರು ನಾಲ್ಕು ಹೆಜ್ಜೆ ಹತ್ತಿರ ಬಂದರು. “ಕಸ್ತೂರಿ, ಇಲ್ಯಾಕ ನಿಂತಿ?” “ನನ್ನ ಜಾಗಾರಿ ಇದು” ಎಂದಳು. ದನಿ ಸಣ್ಣದಾಗಿತ್ತು, ಆದರೆ ಹಿಂದಿನ ಸುತ್ತಿನವರೆಗೂ ಕೇಳಿಸಿತು. “ನೀನು ಫೋಲ್ಡರ್ ತಗೊಂಡಿದ್ದೇನು?” “ತಗೊಂಡಿದ್ದೆ. ಒಂದs ಸಲ ಬಂದೆ. ಅವತ್ತ ರಾತ್ರಿ ನೀವು ಊಟಕ್ಕ ಕುಂತಾಗ ನಮ್ಮ ಮನ್ಯಾಗ ಮುಚ್ಚಿಡೂದು ಏನೈತಿ ಅಂತ ನಕ್ಕೊಂತ ಹೇಳಿದ್ರಿ. ಆಮ್ಯಾಲ ಬರಲಿಲ್ಲ.” ನಾನು ಅವಳ ಮುಖ ನೋಡಿದೆ. ನಾನು ಮರೆತ ಇನ್ನೂರ ಹದಿಮೂರನೆಯ ಹೆಸರು ಸತ್ತವರದ್ದಾಗಿರಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ಕಣ್ಣೆದುರಿಗೇ ಮಜ್ಜಿಗೆ ಕೊಡುತ್ತ ಓಡಾಡಿದವಳದು.

“ಕಸ್ತೂರವ್ವಾ, ಎಂಬತ್ತೆಂಟರ ಮ್ಯಾಲ ಎರಡು ತಪ್ಪು ಬಿದ್ದಾವ. ನಿಮಗ ಒಂದs ಸಲ. ಪಾಸ್‌ವರ್ಡ್ ನೆನಪೈತೇನ್ರಿ?” ಎಂದೆ. “ಬರಾಕ ಆಗಲಿಲ್ಲಂತ ಮರೀತಾರೇನ್ರಿ? ದಿನಾ ದೀಪಾ ಹಚ್ಚುವಾಗ ಮನಸಿನ್ಯಾಗ ಒಮ್ಮೆ ಅನ್ಕೋತೀನಿ” ಎಂದಳು. ಅವಳ ಹೆಸರನ್ನು ಯಂತ್ರಕ್ಕೆ ಸೇರಿಸಿ, ಅದರ ಮುಂದೆ ಎಂಬತ್ತೆಂಟು ಎಂದು ಬರೆದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಸೀರೆಯ ಮರೆಗೆ ಹೋದಳು. ಬೆರಳು ಹುಡುಕುವ ಸದ್ದು ಹೊರಗೆ ಕೇಳಿಸುತ್ತಿತ್ತು. ಟಕ್. ತಡ. ಟಕ್. ಹನ್ನೊಂದು ಮಂದಿ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು. ಮಾತು ಬಿಟ್ಟ ಅಕ್ಕತಂಗಿಯರ ಕೈಗಳೂ ಅದರಲ್ಲಿ ಸೇರಿದ್ದವು. ಆಮೇಲೆ ಒಳಗಿನಿಂದ ಅವಳು, “ನೀಲಕ್ಕಾ, ತೆರೀತು” ಎಂದಳು.

ಅಷ್ಟು ದೊಡ್ಡ ಕೂಗನ್ನು ನಮ್ಮೂರು ಎಂದೂ ಕೂಗಿರಲಿಲ್ಲ. ಗುರವ್ವಜ್ಜಿ ಊರುಗೋಲು ಎತ್ತಿ ಗಾಳಿಯಲ್ಲಿ ತಿರುಗಿಸಿದಳು. ಪಾರ್ವತಿಯರು ಹನ್ನೆರಡು ಮಂದಿಯೂ ನಾವು ಕೆಡಿಸಿದ್ದು ಸರಿಯಾಯಿತೆಂದು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು, ಒಂದೇ ಒಂದು ಈರುಳ್ಳಿಯೂ ಇಲ್ಲದೆ. ಎಂಬತ್ತೊಂಬತ್ತು ಸಿದ್ದವ್ವನದು. ಅವಳು ಒಳಗೆ ಹೋದವಳೇ ಮರುಕ್ಷಣ ಸೀರೆಯ ಅಂಚಿನಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದಳು. ತೋರುಬೆರಳಿನಿಂದ ಗಾಳಿಯಲ್ಲಿ ಒಂದು ‘ಅ’ ಬರೆದಳು. ತೊಂಬತ್ತು, ತೊಂಬತ್ತೊಂದು, ತೊಂಬತ್ತೆರಡು ಸರಸರ ತೆರೆದುಕೊಂಡವು. ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿರುವಾಗ ತೊಂಬತ್ತೊಂಬತ್ತನೆಯದು ತೆರೆಯಿತು.

ಸಾಲು ಚದುರತೊಡಗಿತು. ಅಧ್ಯಕ್ಷರು ಮಜ್ಜಿಗೆಯ ಖಾಲಿ ಕೊಡವನ್ನು ತಾವೇ ಎತ್ತಿಕೊಂಡು ಹೆಂಡತಿಯ ಹತ್ತಿರ ಬಂದರು. ಅವರನ್ನು ಅಷ್ಟು ಹುಡುಗನ ಹಾಗೆ ನಾನೆಂದೂ ಕಂಡಿರಲಿಲ್ಲ. “ಏನೈತಿ ಅದರಾಗ?” ಎಂದು ಮೆಲ್ಲಗೆ ಕೇಳಿದರು. ಕಸ್ತೂರವ್ವ ಅವರನ್ನು ಪ್ರೀತಿಯಿಂದಲೇ ನೋಡಿ, “ನಂದು” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಾ, ಅವತ್ತ ಒಂದs ಸಾಲು ಬರದಿದ್ದೆ, ಅರ್ಧಕ್ಕ ನಿಂತೈತಿ. ಈಗ ಕುಂದರಲೇನ?” ಎಂದು ಕೇಳಿದಳು. ಕುಳಿತುಕೊಳ್ಳಿ ಎಂದೆ. ಅವಳು ಸೀರೆಯ ಮರೆಗೆ ಹೋಗಿ ಕುರ್ಚಿ ಎಳೆದುಕೊಂಡಳು. ಶಿವಪುತ್ರಪ್ಪನವರು ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡರು. ಆಮೇಲೆ, “ನಾ ಮನಿಗೆ ಹೋಗಿ ಅನ್ನಕ್ಕಿಡ್ತೀನಿ, ನೀ ಮುಗಿಸ್ಕೊಂಡು ಬಾ” ಎಂದು ಹೇಳಿ ಬಯಲು ದಾಟಿ ಹೋದರು. ಒಳಗೆ ಬೆರಳುಗಳು ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ ಓಡತೊಡಗಿದವು.